ಹನ್ನೊಂದು ನಿಮಿಷದ ರೀಲು

35 ಎಂ.ಎಂ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟಿನಂತೆ ಓಡಿದರೆ ನಿಮಿಷಕ್ಕೆ 90 ಅಡಿ ಸರಿಯುತ್ತದೆ. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಕಳೆದ ಶತಮಾನದ ನಡುವಿನ ದಶಕಗಳಲ್ಲಿ ಕಿರುಚಿತ್ರ ಮಾಡುತ್ತಿದ್ದವರಿಗೆ ಸಿಕ್ಕ ಜಾಗ ಬಹುಪಾಲು ಇಷ್ಟೇ. ಅಣೆಕಟ್ಟು ಎದ್ದು ನಿಂತದ್ದು, ಕುಂಬಾರ ಚಕ್ರ ತಿರುಗಿಸಿದ್ದು, ಮಲೇರಿಯಾ ಸೊಳ್ಳೆ ಹುಟ್ಟಿ ಬೆಳೆದದ್ದು, ಎಲ್ಲವನ್ನೂ ಒಂದು ರೀಲಿನೊಳಗೆ ಹಿಡಿಸಬೇಕಿತ್ತು, ಹೆಚ್ಚೆಂದರೆ ಎರಡು. ಸುತ್ತಿ ಬಳಸಿ ಹೇಳಲು ಪುರುಸೊತ್ತಿಲ್ಲ. ಕಣ್ಣಿಗೆ ಬಿದ್ದದ್ದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಪ್ರತಿ ಅಡಿಗೂ ಯೋಚಿಸಬೇಕು. ಆ ಇಕ್ಕಟ್ಟಿನಿಂದಲೇ ಒಂದು ದೊಡ್ಡ ಕಲೆ ಹುಟ್ಟಿತು ಎಂದು ನಾನು ನಂಬಿದ್ದೇನೆ. ಮೈಸೂರು, ಮಂಡ್ಯದ ಕಡೆಯ ನಾವು ಅದನ್ನು ಕಣ್ಣೆದುರಿಗಿದ್ದಾಗ ಸರಿಯಾಗಿ ನೋಡಲಿಲ್ಲ. ಈಗ ನೋಡಬಹುದು, ನೋಡಬೇಕು.

ನಮ್ಮಲ್ಲಿ ಇವುಗಳಿಗೆಲ್ಲ ಒಂದೇ ಹೆಸರಿತ್ತು: ಇಂಡಿಯನ್ ನ್ಯೂಸ್. ವಾರ್ತಾಚಿತ್ರವಾದರೂ ಅದೇ, ಸಾಕ್ಷ್ಯಚಿತ್ರವಾದರೂ ಅದೇ. ಮೈಸೂರಿನ ಒಲಿಂಪಿಯಾ, ಪ್ರಭಾ, ಗಾಯತ್ರಿ ಟಾಕೀಸುಗಳಲ್ಲಿ ಸಿನಿಮಾ ನೋಡಿ ಬೆಳೆದ ಹಿರಿಯರನ್ನು ಕೇಳಿ. ಟಿಕೆಟ್ ಕೈಗೆ ಬಂದ ಮೇಲೂ ಗಂಡಸರು ಹೊರಗೆ ನಿಂತು ಬೀಡಿ ಮುಗಿಸುತ್ತಿದ್ದರು, ‘ಇನ್ನೂ ಇಂಡಿಯನ್ ನ್ಯೂಸ್ ನಡೆಯುತ್ತಿದೆ, ಅವಸರವಿಲ್ಲ’ ಎಂದು. ಒಳಗೆ ಕತ್ತಲಲ್ಲಿ ಕುರ್ಚಿ ಹುಡುಕುವವರ ನೆರಳು ಪರದೆಯ ಮೇಲೆ ಬೀಳುತ್ತಿತ್ತು. ಆ ನೆರಳುಗಳ ಹಿಂದೆ ದೇಶದ ಯಾವುದೋ ಮೂಲೆಯ ನೇಕಾರನೊಬ್ಬ ಲಾಳಿ ಎಸೆಯುತ್ತಿರುತ್ತಿದ್ದ.

ಕಡ್ಡಾಯವಾಗಿ ತೋರಿಸಿದ್ದನ್ನು ಜನ ಪ್ರೀತಿಯಿಂದ ನೋಡುವುದು ಕಷ್ಟ, ಮತ್ತು ಇದು ಹುಟ್ಟಿದ್ದೇ ಕಡ್ಡಾಯದಿಂದ. ಎರಡನೆಯ ಮಹಾಯುದ್ಧದ ನಡುವೆ ಬ್ರಿಟಿಷ್ ಸರ್ಕಾರಕ್ಕೆ ಪ್ರಚಾರ ಬೇಕಾಯಿತು. 1940ರಲ್ಲಿ ಫಿಲ್ಮ್ ಅಡ್ವೈಸರಿ ಬೋರ್ಡ್ ಬಂತು, 1943ರಲ್ಲಿ ಇನ್ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ. ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಚಿತ್ರಮಂದಿರಗಳು ಪ್ರತಿ ಪ್ರದರ್ಶನದಲ್ಲೂ ಸರ್ಕಾರ ಒಪ್ಪಿದ ಚಿತ್ರಗಳನ್ನು 2000 ಅಡಿಯವರೆಗೆ ತೋರಿಸಲೇಬೇಕೆಂದು ಆಜ್ಞೆಯಾಯಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಆ ಸಂಸ್ಥೆಯನ್ನೇ ಮುಚ್ಚಿದರು. ಹಾಗಾಗಿ 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಆ ಗಳಿಗೆಯನ್ನು ಹಿಡಿದಿಡಲು ಸರ್ಕಾರದ ಬಳಿ ತನ್ನದೆಂಬ ಒಂದು ಚಿತ್ರ ಘಟಕವೂ ಇರಲಿಲ್ಲ. ಮರುವರ್ಷ, 1948ರಲ್ಲಿ, ಮುಂಬೈಯಲ್ಲಿ ಫಿಲ್ಮ್ಸ್ ಡಿವಿಷನ್ ಆರಂಭವಾಯಿತು. ಪರದೇಶಿ ಸರ್ಕಾರದ ಕಡ್ಡಾಯವನ್ನು ಸ್ವದೇಶಿ ಸರ್ಕಾರವೂ ಕೈಬಿಡಲಿಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲೇ ವಿಜ್ಞಾನ, ಶಿಕ್ಷಣ, ವಾರ್ತೆ, ಸಾಕ್ಷ್ಯಚಿತ್ರಗಳನ್ನು ತೋರಿಸುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಇಟ್ಟುಕೊಂಡಿತು. ತೋರಿಸುವುದೂ ಅಲ್ಲದೆ ಅದಕ್ಕೆ ಬಾಡಿಗೆಯನ್ನೂ ಚಿತ್ರಮಂದಿರದವರೇ ಕೊಡಬೇಕಿತ್ತು. ಮಾಲೀಕರ ಮುಖ ಗಂಟಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ನನ್ನ ಚಿಕ್ಕಪ್ಪ ಯೌವನದಲ್ಲಿ ಪಾಂಡವಪುರದ ಕಡೆ ಬೀಡುಬಿಡುತ್ತಿದ್ದ ಒಂದು ಟೂರಿಂಗ್ ಟಾಕೀಸಿನಲ್ಲಿ ಆಪರೇಟರನ ಕೈಕೆಳಗೆ ಕೆಲಸ ಮಾಡಿದವರು. ಟೆಂಟಿನಲ್ಲಿ ಒಂದೇ ಪ್ರೊಜೆಕ್ಟರ್, ಆದ್ದರಿಂದ ಪ್ರತಿ ರೀಲು ಬದಲಾಗುವಾಗಲೂ ದೀಪ ಹತ್ತುತ್ತಿತ್ತು. ಸೋಡಾ, ಕಡಲೆಕಾಯಿ ಮಾರುವವರಿಗೆ ಅದೇ ವ್ಯಾಪಾರದ ಸಮಯ. ನೆಲದ ಟಿಕೆಟಿನವರು ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದರು. ಚಿಕ್ಕಪ್ಪನಿಗೆ ಕತೆಯ ಸಿನಿಮಾಗಳಿಗಿಂತ ಈ ಮೊದಲ ರೀಲೇ ಚೆನ್ನಾಗಿ ನೆನಪಿದೆ, ಏಕೆಂದರೆ ಯಂತ್ರವನ್ನು ಹದಕ್ಕೆ ತಂದುಕೊಳ್ಳುತ್ತಿದ್ದದ್ದು ಆ ರೀಲು ಓಡುವಾಗಲೇ. ತಾಮ್ರದ ಹೊದಿಕೆಯ ಎರಡು ಕಾರ್ಬನ್ ಕಡ್ಡಿಗಳ ತುದಿಗಳ ನಡುವೆ ಕಿಡಿ ಹಾರಿ ಬೆಳಕು ಹುಟ್ಟುತ್ತಿತ್ತು. ಉರಿದಂತೆಲ್ಲ ಕಡ್ಡಿ ಸವೆಯುತ್ತದೆ. ನಡುವಿನ ಅಂತರ ಹೆಚ್ಚಿದರೆ ಪರದೆ ಮಂಕಾಗುತ್ತದೆ, ಕಡಿಮೆಯಾದರೆ ಬೆಳಕು ಕುಣಿಯುತ್ತದೆ. ಕಪ್ಪು ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟು, ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಒಂದು ಕಿವಿಯನ್ನು ಧ್ವನಿಯ ಕಡೆಗೆ ಕೊಟ್ಟು ಅವರು ನಿಲ್ಲುತ್ತಿದ್ದರು. ‘ಬೇರೆಯವರು ಅದನ್ನು ನೋಡಲಿ ಬಿಡಲಿ, ನಾನು ಒಂದು ಚೌಕಟ್ಟನ್ನೂ ಬಿಡದೆ ನೋಡಿದ್ದೇನೆ’ ಎಂದು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ಅವರಿಗೆ ಬರುತ್ತಿದ್ದ ಪ್ರಿಂಟು ಮೊದಲು ದೊಡ್ಡ ಊರುಗಳ ಚಿತ್ರಮಂದಿರಗಳನ್ನು ಸುತ್ತಿ, ಮೈತುಂಬ ಗೀರು ಹೊತ್ತು, ತಗಡಿನ ಡಬ್ಬದಲ್ಲಿ ಬಸ್ಸಿನ ಮೇಲೆ ಬರುತ್ತಿತ್ತು. ಅಷ್ಟರಲ್ಲಿ ವಾರ್ತೆ ಹಳೆಯದಾಗಿ ತಿಂಗಳುಗಳೇ ಕಳೆದಿರುತ್ತಿದ್ದವು. ಯಾವುದೋ ದೇಶದ ಅಧ್ಯಕ್ಷರು ದೆಹಲಿಯ ಪಾಲಂ ವಿಮಾನ ನಿಲ್ದಾಣದಲ್ಲಿ ಇಳಿದು, ಹಾರ ಹಾಕಿಸಿಕೊಂಡು, ತಮ್ಮ ದೇಶಕ್ಕೆ ಮರಳಿ, ಕೆಲವೊಮ್ಮೆ ಅಧಿಕಾರವನ್ನೂ ಬಿಟ್ಟಾದ ಮೇಲೆ ನಮ್ಮ ಟೆಂಟಿನ ಬಟ್ಟೆಯ ಮೇಲೆ ಕೈಬೀಸುತ್ತಿದ್ದರು. ಸಾಕ್ಷ್ಯಚಿತ್ರಗಳಿಗೆ ಮಾತ್ರ ಈ ತೊಂದರೆ ಇರಲಿಲ್ಲ. ನೇಕಾರ ಯಾವ ತಿಂಗಳಲ್ಲಿ ನೋಡಿದರೂ ನೇಕಾರನೇ.

ಮಂಡ್ಯ ಸೀಮೆಯ ಪ್ರೇಕ್ಷಕರ ವಿಷಯದಲ್ಲಿ ನನಗೆ ಒಂದು ವಿಶೇಷ ಕಾಣುತ್ತದೆ. ಐವತ್ತರ ದಶಕದ ಚಿತ್ರಗಳಲ್ಲಿ ಅಣೆಕಟ್ಟು ಮತ್ತೆ ಮತ್ತೆ ಬರುತ್ತದೆ: ಭಾಕ್ರಾ, ಹಿರಾಕುಡ್, ದಾಮೋದರ ಕಣಿವೆ. ಬುಟ್ಟಿ ಹೊತ್ತ ಹೆಂಗಸರ ಸಾಲು, ಆಮೇಲೆ ಕಾಂಕ್ರೀಟ್ ಸುರಿಯುವ ಯಂತ್ರ, ಕೊನೆಗೆ ನೀರು. ದೇಶದ ಬಹುತೇಕ ಹಳ್ಳಿಗಳಿಗೆ ಅದು ಬರಲಿರುವ ಕಾಲದ ಭರವಸೆ. ನಮ್ಮವರಿಗೆ ಅದು ಆಗಿಹೋದ ಸಂಗತಿ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಮೂವತ್ತರ ದಶಕದ ಆರಂಭಕ್ಕೆ ಮುಗಿದಿತ್ತು. ಹುಲಿಕೆರೆಯ ಸುರಂಗ ದಾಟಿ ಬಂದ ನಾಲೆಯ ನೀರಿನಲ್ಲಿ ರಾಗಿಯ ಹೊಲಗಳು ಗದ್ದೆಯಾಗಿದ್ದವು, ಕಬ್ಬು ಬಂದಿತ್ತು, 1933ರಲ್ಲಿ ಮೈಸೂರಿನ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಮುತುವರ್ಜಿಯಿಂದ ಮಂಡ್ಯದಲ್ಲಿ ಸಕ್ಕರೆ ಕಂಪನಿ ಎದ್ದಿತ್ತು, ಅದರ ಹಿಂದೆಯೇ 1939ರಲ್ಲಿ ಮಂಡ್ಯ ಜಿಲ್ಲೆಯಾಗಿತ್ತು. ಭಾಕ್ರಾದ ಚಿತ್ರವನ್ನು ನೋಡುತ್ತಾ ಕೂತ ನಮ್ಮ ರೈತನಿಗೆ ನೀರು ಬಂದರೆ ಏನೇನಾಗುತ್ತದೆ ಎಂದು ವ್ಯಾಖ್ಯಾನಕಾರನಿಗಿಂತ ಚೆನ್ನಾಗಿ ಗೊತ್ತಿತ್ತು. ಸೊಳ್ಳೆ ಬರುತ್ತದೆ, ಕೊನೆಯ ಭಾಗದ ಗದ್ದೆಗೆ ನೀರು ತಲುಪುವುದಿಲ್ಲ, ಮುಳುಗಿದ ಊರಿನವರು ಇನ್ನೊಂದು ಕಡೆ ಅದೇ ಹೆಸರಿನ ಊರು ಕಟ್ಟಿಕೊಳ್ಳುತ್ತಾರೆ. ಹಳೆಯ ಕನ್ನಂಬಾಡಿ ಮುಳುಗಿ ಹೊಸ ಕನ್ನಂಬಾಡಿ ಎದ್ದದ್ದು ಇಲ್ಲಿಯೇ ಅಲ್ಲವೇ? ಒಂದು ರೀಲಿನಲ್ಲಿ ಇದಕ್ಕೆ ಜಾಗ ಇರಲಿಲ್ಲ ಎನ್ನಬಹುದು. ಆದರೆ ಉದ್ಘಾಟನೆಯ ರಿಬ್ಬನ್ನಿಗೆ ಜಾಗವಿತ್ತು. ಆ ಚಿತ್ರಗಳ ಮೇಲೆ ನನಗಿರುವ ದೊಡ್ಡ ದೂರು ಇದೇ.

ದೂರಿನ ಮಾತು ಬಂದಾಗ ಧ್ವನಿಯ ವಿಷಯವನ್ನೂ ಹೇಳಬೇಕು. ತೆರೆಯ ಮೇಲೆ ಬಡಗಿ ಕೆಲಸ ಮಾಡುತ್ತಿದ್ದಾನೆ, ಅವನ ತುಟಿ ಅಲುಗುತ್ತಿದೆ, ಪಕ್ಕದವನಿಗೆ ಏನೋ ಹೇಳಿ ನಗುತ್ತಿದ್ದಾನೆ. ನಮಗೆ ಕೇಳಿಸುವುದು ಅವನ ಮಾತಲ್ಲ, ಮುಂಬೈಯ ಸ್ಟುಡಿಯೋದಲ್ಲಿ ಕೂತು ತುಂಬುಗಂಟಲಿನಲ್ಲಿ ಓದಿದ ವ್ಯಾಖ್ಯಾನ. ಹೊರಾಂಗಣದಲ್ಲಿ ಧ್ವನಿ ಹಿಡಿಯುವ ಸಲಕರಣೆ ಆಗ ಭಾರ, ದುಬಾರಿ. ಒಂದೇ ಚಿತ್ರವನ್ನು ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಬಿಡುಗಡೆ ಮಾಡಲು ವ್ಯಾಖ್ಯಾನವೇ ಅನುಕೂಲ. ಕಾರಣ ಅರ್ಥವಾಗುತ್ತದೆ. ಆದರೂ ಬಡಗಿ ಏನು ಹೇಳಿ ನಕ್ಕ ಎಂಬುದು ಶಾಶ್ವತವಾಗಿ ಕಳೆದುಹೋಯಿತಲ್ಲ ಎಂದು ಪ್ರತಿ ಸಲವೂ ಹೊಟ್ಟೆ ಚುರುಕ್ಕೆನ್ನುತ್ತದೆ. ಯುದ್ಧಕಾಲದ ಚಿತ್ರಗಳು ಐದು ಭಾಷೆಗಳಲ್ಲಿ ಬರುತ್ತಿದ್ದವು: ಇಂಗ್ಲಿಷ್, ಹಿಂದೂಸ್ತಾನಿ, ಬಂಗಾಳಿ, ತಮಿಳು, ತೆಲುಗು. ಪಟ್ಟಿಯಲ್ಲಿ ಕನ್ನಡ ಸೇರಿದ್ದು ಆಮೇಲೆ. ನಾನು ಈ ಚಿತ್ರಗಳನ್ನು ಒಮ್ಮೆ ಧ್ವನಿಯೊಂದಿಗೆ, ಮತ್ತೊಮ್ಮೆ ಧ್ವನಿ ಪೂರ್ತಿ ಅಡಗಿಸಿ ನೋಡುತ್ತೇನೆ. ಎರಡನೆಯ ನೋಟದಲ್ಲಿ ಕ್ಯಾಮೆರಾ ಹಿಡಿದವನ ಆಸಕ್ತಿ ಎಲ್ಲಿತ್ತು ಎಂಬುದು ಹೊರಬೀಳುತ್ತದೆ. ವ್ಯಾಖ್ಯಾನ ಉತ್ಪಾದನೆಯ ಲೆಕ್ಕ ಹೇಳುತ್ತಿರುವಾಗ ಕ್ಯಾಮೆರಾ ಮಾತ್ರ ಒಬ್ಬ ಮುದುಕಿಯ ಬೆರಳುಗಳ ಮೇಲೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತಿರುತ್ತದೆ.

ಪ್ರಚಾರದ ಚಿತ್ರಗಳೆಂದು ಪೂರ್ತಿ ತಳ್ಳಿಹಾಕುವವರಿಗೆ ಒಂದು ಮಾತು. 1951-52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ಮತದಾನದ ಕುರಿತ ಚಿತ್ರವನ್ನು ದೇಶದ ಮೂರು ಸಾವಿರಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ತೋರಿಸಿದರು. ಅಕ್ಷರ ಬಾರದ ಕೋಟ್ಯಂತರ ಜನರಿಗೆ ಪೆಟ್ಟಿಗೆ, ಚೀಟಿ, ಗುರುತು ಎಂದರೇನು ಎಂದು ಕಣ್ಣಿಗೆ ಕಟ್ಟುವಂತೆ ತೋರಿಸಲು ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಹತ್ತು ವರ್ಷದ ಮೇಲೆ, 1962ರ ಚುನಾವಣೆಯಿಂದ, ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಿಂದ ಹೋಗತೊಡಗಿತು. ಅಷ್ಟು ದೊಡ್ಡ ಜನಸಮೂಹವನ್ನು ಮತಗಟ್ಟೆಗೆ ಕರೆತಂದ ಕೆಲಸದಲ್ಲಿ ಆ ರೀಲುಗಳಿಗೂ ಪಾಲಿದೆ.

ಇನ್ನೊಂದು ಸಂಗತಿ ಮೈಸೂರಿನವರಿಗೇ ಅನೇಕರಿಗೆ ಗೊತ್ತಿಲ್ಲ. ಸಾಕ್ಷ್ಯಚಿತ್ರದ ಪಿತಾಮಹ ಎಂದು ಲೋಕ ಕರೆಯುವ ರಾಬರ್ಟ್ ಫ್ಲಾಹರ್ಟಿ ನಮ್ಮ ಊರಿನಲ್ಲಿ ಬಿಡಾರ ಹೂಡಿದ್ದರು. ಹಿಮನಾಡಿನ ಇನುಯಿಟ್ ಜನರ ಬದುಕಿನ ಮೇಲೆ 1922ರಲ್ಲಿ ‘ನ್ಯಾನೂಕ್’ ಮಾಡಿದ ಅದೇ ಫ್ಲಾಹರ್ಟಿ. ಮೂವತ್ತರ ದಶಕದ ನಡುವಿನಲ್ಲಿ ‘ಎಲಿಫೆಂಟ್ ಬಾಯ್’ ಚಿತ್ರೀಕರಣಕ್ಕೆ ಬಂದಾಗ ಮಹಾರಾಜರು ಅವರ ತಂಡಕ್ಕೆ ಚಿತ್ತರಂಜನ್ ಮಹಲನ್ನು ಬಿಟ್ಟುಕೊಟ್ಟರು. ಒಂದು ಕಾಲಕ್ಕೆ ರಾಜಕುಮಾರಿಯರಿಗಾಗಿ ಕಟ್ಟಿಸಿದ್ದ, ಆಮೇಲೆ ಚಲನಚಿತ್ರ ಸ್ಟುಡಿಯೋ ಆದ, ಈಗ ಹೋಟೆಲಾಗಿರುವ ಜಯಲಕ್ಷ್ಮೀಪುರಂನ ಆ ಕಟ್ಟಡದ ಮುಂದೆ ನಾವು ದಿನವೂ ಓಡಾಡುತ್ತೇವೆ. ಕಾರಾಪುರದ ಮಾವುತನೊಬ್ಬನ ಮಗ, ಹನ್ನೆರಡರ ಆಸುಪಾಸಿನ ಸಾಬು, ಆ ಚಿತ್ರದಿಂದ ಜಗತ್ತಿಗೆಲ್ಲ ಪರಿಚಿತನಾದ. 1937ರಲ್ಲಿ ಬಿಡುಗಡೆಯಾದ ಚಿತ್ರ ಕಿರುಚಿತ್ರವಲ್ಲ. ಲಂಡನ್ನಿನ ಸ್ಟುಡಿಯೋದಲ್ಲಿ ಸಹನಿರ್ದೇಶಕ ಝೋಲ್ಟಾನ್ ಕೊರ್ಡಾ ಸೇರಿಸಿದ ಕತೆಯ ಭಾಗಗಳು ನನಗೆ ಹಿಡಿಸುವುದೂ ಇಲ್ಲ. ಆದರೆ ಹುಡುಗ ಆನೆಯ ಸೊಂಡಿಲ ಮೇಲೆ ಕಾಲಿಟ್ಟು ಏರುವ, ಆನೆಯನ್ನು ಹೊಳೆಯಲ್ಲಿ ಮೀಯಿಸುವ ದೃಶ್ಯಗಳನ್ನು ಮಾತ್ರ ಕತ್ತರಿಸಿ ಜೋಡಿಸಿದರೆ ಹತ್ತು ನಿಮಿಷದ ಅಪ್ಪಟ ಕಿರುಚಿತ್ರ ಸಿಗುತ್ತದೆ. ಕೆಲಸ ಗೊತ್ತಿರುವ ದೇಹ ಹೇಗೆ ಚಲಿಸುತ್ತದೆ ಎಂಬುದರ ಮೇಲೆ ಫ್ಲಾಹರ್ಟಿಗೆ ಇದ್ದ ಗೌರವ ಅಲ್ಲಿ ಎದ್ದು ಕಾಣುತ್ತದೆ.

ಆ ಗೌರವವೇ ಈ ಪ್ರಕಾರದ ಜೀವ. ಇದು ನನಗೆ ಪೂರ್ತಿ ಮನವರಿಕೆಯಾದದ್ದು ಹಾಲೆಂಡಿನ ಬೆರ್ಟ್ ಹಾನ್‌ಸ್ಟ್ರಾ 1958ರಲ್ಲಿ ಮಾಡಿದ ‘ಗ್ಲಾಸ್’ ನೋಡಿದಾಗ. ಹತ್ತು ನಿಮಿಷದ ಚಿತ್ರ, ವ್ಯಾಖ್ಯಾನವಿಲ್ಲ, ಆಸ್ಕರ್ ಪಡೆದದ್ದು. ಲೇರ್‌ಡಾಮ್ ಎಂಬ ಊರಿನ ಗಾಜಿನ ಕಾರ್ಖಾನೆ. ಮೊದಲ ಭಾಗದಲ್ಲಿ ಕುಶಲಕರ್ಮಿಗಳು ಉದ್ದನೆಯ ಕೊಳವೆಯ ತುದಿಗೆ ಕೆಂಡದಂಥ ಗಾಜನ್ನು ಅಂಟಿಸಿಕೊಂಡು ಊದುತ್ತಾರೆ. ಕೆನ್ನೆ ಉಬ್ಬುತ್ತದೆ, ಕೊಳವೆ ಬೆರಳುಗಳ ನಡುವೆ ತಿರುಗುತ್ತಲೇ ಇರುತ್ತದೆ, ಒಬ್ಬ ಬಾಯಲ್ಲಿ ಪೈಪು ಕಚ್ಚಿಕೊಂಡೇ ಕೆಲಸ ಮಾಡುತ್ತಾನೆ, ಹಿನ್ನೆಲೆಯಲ್ಲಿ ಜಾಝ್. ನೋಡುತ್ತಾ ನೋಡುತ್ತಾ ಅವರ ಉಸಿರೇ ಸಂಗೀತವಾಗಿಬಿಡುತ್ತದೆ. ಆಮೇಲೆ ಯಂತ್ರ ಬರುತ್ತದೆ: ಬಾಟಲಿಯ ಹಿಂದೆ ಬಾಟಲಿ, ಒಂದೇ ಅಳತೆ, ಒಂದೇ ತಾಳ. ಕುತ್ತಿಗೆ ಮುರಿದ ಒಂದು ಬಾಟಲಿ ಸಾಲಿನಲ್ಲಿ ಬಂದಾಗ ಯಂತ್ರದ ಹಿಡಿಕೆಗೆ ಅದು ಸಿಗುವುದಿಲ್ಲ. ಹಿಡಿಕೆ ಬರಿಗೈಯಲ್ಲಿ ಏರಿ ಇಳಿಯುತ್ತದೆ, ಹಿಂದಿನಿಂದ ಬಂದ ಬಾಟಲಿಗಳು ಒಂದರ ಮೇಲೊಂದು ಬಿದ್ದು ಚೂರಾಗುತ್ತವೆ. ಯಂತ್ರಕ್ಕೆ ಇದು ತಿಳಿಯುವುದೇ ಇಲ್ಲ. ಕೊನೆಗೆ ಒಬ್ಬ ಮನುಷ್ಯನ ಕೈ ಬಂದು ಆ ಒಡಕನ್ನು ತೆಗೆಯಬೇಕು. ಯಂತ್ರ ಮತ್ತು ಮನುಷ್ಯನ ಬಗ್ಗೆ ನಾನು ಓದಿದ ಎಷ್ಟೋ ಪುಟಗಳನ್ನು ಈ ಅರ್ಧ ನಿಮಿಷ ಮೀರಿಸಿದೆ.

ಅದನ್ನು ನೋಡಿ ಮುಗಿಸಿದಾಗ ನನ್ನ ಮನಸ್ಸು ಹೋದದ್ದು ನೇರವಾಗಿ ನಮ್ಮ ಆಲೆಮನೆಗೆ. ಹಾನ್‌ಸ್ಟ್ರಾನಂಥ ಕಣ್ಣಿನವನೊಬ್ಬ ಆ ದಶಕದಲ್ಲಿ ಮದ್ದೂರಿನ ಕಡೆಯ ಆಲೆಮನೆಯ ಮುಂದೆ ಕ್ಯಾಮೆರಾ ಇಟ್ಟಿದ್ದರೆ! ಗಾಣದ ಬಾಯಿಗೆ ಕಬ್ಬು ಕೊಡುವ ಕೈ ಯಾವ ಕ್ಷಣದಲ್ಲಿ ಹಿಂದೆ ಸರಿಯುತ್ತದೆ ಎಂಬುದೇ ಒಂದು ದೃಶ್ಯ. ಕಬ್ಬಿನ ಹಾಲು ಕೊಪ್ಪರಿಗೆಗೆ ಇಳಿಯುತ್ತದೆ. ಹಾಲು ಹಿಂಡಿ ಉಳಿದು ಒಣಗಿದ ಕಬ್ಬಿನ ರಚ್ಚನ್ನು ಒಲೆಗೆ ತಳ್ಳುವವನು ಬೆಂಕಿಯ ಮುಖವನ್ನೇ ನೋಡುತ್ತಾ ಕೂತಿರುತ್ತಾನೆ. ಅವನಿಗೆ ಕೊಪ್ಪರಿಗೆ ಕಾಣುವುದಿಲ್ಲ, ಮೇಲೆ ನಿಂತವನ ಕೂಗೇ ಅವನಿಗೆ ಗಡಿಯಾರ. ಸುಣ್ಣ ಬೀಳುತ್ತದೆ, ಬೆಂಡೆ ಗಿಡದ ಲೋಳೆ ಬೀಳುತ್ತದೆ, ಮಡ್ಡಿ ಮೇಲೇಳುತ್ತದೆ, ಜಾಲರಿಯಿಂದ ಅದನ್ನು ಬಳಿದು ತೆಗೆಯುತ್ತಾರೆ. ಹಾಲಿನ ಬಣ್ಣ ಹಸಿರುಗಂದಿನಿಂದ ಹಳದಿಗೆ, ಹಳದಿಯಿಂದ ಹೊಂಬಣ್ಣಕ್ಕೆ ಬರುತ್ತದೆ. ಗುಳ್ಳೆಗಳ ಗಾತ್ರ ಬದಲಾಗುತ್ತದೆ. ಆಗ ಪಾಕ ನೋಡುವವನು ಹುಟ್ಟಿನ ತುದಿಯಿಂದ ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಿನಲ್ಲಿ ಉಂಡೆ ಕಟ್ಟಿ, ನೀರಿನ ಪಾತ್ರೆಯ ಅಂಚಿಗೆ ತಟ್ಟುತ್ತಾನೆ. ಟಣ್ ಎಂದರೆ ಆಯಿತು. ಅರೆಗಳಿಗೆ ಮೊದಲು ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ಅರೆಗಳಿಗೆ ತಡವಾದರೆ ಸೀಯುತ್ತದೆ. ಥರ್ಮಾಮೀಟರ್ ಇಟ್ಟರೆ 118 ಡಿಗ್ರಿಯ ಆಸುಪಾಸು ತೋರಿಸುತ್ತದೆ. ಅವನು ಥರ್ಮಾಮೀಟರ್ ಕಂಡವನಲ್ಲ. ನಾಲ್ಕು ಜನ ಕೊಪ್ಪರಿಗೆ ಎತ್ತಿ ಸುರಿಯುತ್ತಾರೆ, ಮಗುಚುತ್ತಾರೆ, ಬಿಸಿಯಿರುವಾಗಲೇ ಅಚ್ಚಿಗೆ ತುಂಬುತ್ತಾರೆ.

ಇದಾದ ತಕ್ಷಣ ಒಂದು ಕತ್ತರಿ. ಮಂಡ್ಯದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬು ತುಂಬಿದ ಎತ್ತಿನ ಗಾಡಿಗಳ ಸಾಲು, ರಾತ್ರಿಯೆಲ್ಲ ಸರದಿಗೆ ಕಾದು ಗಾಡಿಯ ಕೆಳಗೇ ಮಲಗಿದವರು, ಬೆಳಗ್ಗೆ ತೂಕದ ಸೇತುವೆ, ದೈತ್ಯ ರೋಲರುಗಳು, ಬಿಳಿಯ ಹರಳು ಸುರಿಯುವ ಕೊಳವೆ. ಒಂದೇ ಕಬ್ಬು, ಎರಡು ದಾರಿ. ಯಾರೂ ಏನೂ ಹೇಳಬೇಕಾಗಿಲ್ಲ. ಹನ್ನೊಂದು ನಿಮಿಷ ಸಾಕು. ಆಲೆಮನೆಗಳು ಇನ್ನೂ ಇವೆ. ಪಾಕ ನೋಡುವ ಹಿರಿಯರು ಇನ್ನೂ ಇದ್ದಾರೆ. ಗಾಣಕ್ಕೆ ಎತ್ತಿನ ಬದಲು ಮೋಟಾರು ಬಂದು ಎಷ್ಟೋ ಕಾಲವಾಯಿತು, ಆದರೆ ತಣ್ಣೀರಿನ ಪರೀಕ್ಷೆ ಬದಲಾಗಿಲ್ಲ. ಕೈಯಲ್ಲಿ ಮೊಬೈಲ್ ಹಿಡಿದು ಚಿತ್ರ ಮಾಡುತ್ತಿರುವ ಮಂಡ್ಯದ ಹುಡುಗ ಹುಡುಗಿಯರು ಹಿನ್ನೆಲೆಗೆ ಹಾಡು ಹಾಕದೆ, ಮಾತು ಸೇರಿಸದೆ, ಒಂದು ಪಾಕವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿಯಬೇಕು. ಇದು ನನ್ನ ಮನಃಪೂರ್ವಕ ಬೇಡಿಕೆ.

ಎಲ್ಲ ಕಿರುಚಿತ್ರಗಳೂ ಕೆಲಸದ ಬಗ್ಗೆಯೇ ಇರಬೇಕೆಂದಿಲ್ಲ. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯಲ್ಲಿದ್ದ ನಾರ್ಮನ್ ಮೆಕ್‌ಲಾರೆನ್ 1952ರಲ್ಲಿ ಎಂಟು ನಿಮಿಷದ ‘ನೇಬರ್ಸ್’ ಮಾಡಿದರು. ಗಡಿಯ ಅಂಚಿನಲ್ಲಿ ಅರಳಿದ ಒಂದು ಹೂವಿಗಾಗಿ ಇಬ್ಬರು ನೆರೆಹೊರೆಯವರು ಹೊಡೆದಾಡಿ ಸಾಯುತ್ತಾರೆ. ಜೀವಂತ ನಟರನ್ನು ಗೊಂಬೆಗಳಂತೆ ಚೌಕಟ್ಟಿಗೊಂದು ಭಂಗಿಯಲ್ಲಿ ನಿಲ್ಲಿಸಿ ತೆಗೆದ ಚಿತ್ರ. ಬದುವಿನ ಜಗಳ ಕಂಡ ಯಾವ ಹಳ್ಳಿಯವರಿಗೂ ಅದನ್ನು ವಿವರಿಸಬೇಕಾಗಿಲ್ಲ. 1957ರ ಅವರ ‘ಎ ಚೇರಿ ಟೇಲ್’ನಲ್ಲಿ ಒಂದು ಕುರ್ಚಿ ತನ್ನ ಮೇಲೆ ಯಾರನ್ನೂ ಕೂರಿಸಿಕೊಳ್ಳಲು ಒಪ್ಪುವುದಿಲ್ಲ; ಅದಕ್ಕೆ ಸಂಗೀತ ಸಿತಾರ್ ವಾದಕ ರವಿಶಂಕರ್ ಅವರದು. ಅದೇ ಚೌಕಟ್ಟು ಚೌಕಟ್ಟಿನ ತಂತ್ರವನ್ನು ನಮ್ಮ ಫಿಲ್ಮ್ಸ್ ಡಿವಿಷನ್ನಿನ ಪ್ರಮೋದ್ ಪತಿ 1968ರ ‘ಕ್ಲಾಕ್ಸ್‌ಪ್ಲೋಷನ್’ನಲ್ಲಿ ಕುಟುಂಬ ಯೋಜನೆಯ ಪ್ರಚಾರಕ್ಕೆ ಬಳಸಿದರು. ಪ್ರಾಗ್‌ನಲ್ಲಿ ಜಿರಿ ತ್ರಂಕಾ ಅವರ ಬಳಿ ಗೊಂಬೆ ಚಿತ್ರಗಳನ್ನು ಕಲಿತು ಬಂದವರು ಪತಿ. ಅವರ ‘ಎಕ್ಸ್‌ಪ್ಲೋರರ್’ ಏಳು ನಿಮಿಷ ಕಣ್ಣಿಗೆ ಬಿಡುವು ಕೊಡುವುದಿಲ್ಲ. ಸರ್ಕಾರದ ದುಡ್ಡಿನಲ್ಲಿ, ಸರ್ಕಾರದ ಕಚೇರಿಯಲ್ಲಿ ಕೂತು ಇಂಥದ್ದನ್ನು ಮಾಡಿದರೆಂದರೆ ನಂಬುವುದು ಕಷ್ಟ.

ಅರವತ್ತರ ದಶಕದ ಎರಡನೆಯ ಭಾಗದಲ್ಲಿ ಆ ಕಚೇರಿಯಲ್ಲಿ ನಿಜಕ್ಕೂ ಗಾಳಿ ಬದಲಾಗಿತ್ತು. ಯುನೆಸ್ಕೋದಿಂದ ಬಂದ ಜೀನ್ ಭಾವನಗರಿ ಸಲಹೆಗಾರರಾಗಿದ್ದ ಕಾಲ. ಚಿತ್ರಕಾರ ಎಂ.ಎಫ್. ಹುಸೇನ್ ರಾಜಸ್ಥಾನಕ್ಕೆ ಹೋಗಿ ಕೊಡೆ, ಲಾಟೀನು, ಚಪ್ಪಲಿಗಳನ್ನು ಇಟ್ಟುಕೊಂಡು ಮಾತಿಲ್ಲದ ‘ಥ್ರೂ ದಿ ಐಸ್ ಆಫ್ ಎ ಪೇಂಟರ್’ ಮಾಡಿದರು, 1967ರಲ್ಲಿ ಅದಕ್ಕೆ ಬರ್ಲಿನ್ನಿನಲ್ಲಿ ಕಿರುಚಿತ್ರ ವಿಭಾಗದ ಚಿನ್ನದ ಕರಡಿ ಬಂತು. ಅದೇ ವರ್ಷ ಎಸ್.ಎನ್.ಎಸ್. ಶಾಸ್ತ್ರಿ ‘ಐ ಆ್ಯಮ್ 20’ ಮಾಡಿದರು. ಸ್ವಾತಂತ್ರ್ಯ ಬಂದ ದಿನವೇ ಹುಟ್ಟಿ, ಇಪ್ಪತ್ತು ತುಂಬಿದ ಹುಡುಗ ಹುಡುಗಿಯರನ್ನು ಹುಡುಕಿ ಮಾತನಾಡಿಸಿದ ಚಿತ್ರ. ಇಲ್ಲಿ ತುಂಬುಗಂಟಲಿನ ವ್ಯಾಖ್ಯಾನಕಾರನಿಲ್ಲ. ತೆರೆಯ ಮೇಲಿನವರ ತುಟಿ ಅಲುಗುತ್ತದೆ, ಅವರದೇ ಮಾತು ಕೇಳಿಸುತ್ತದೆ. ಕನಸು ಹೇಳುವವರಿದ್ದಾರೆ, ಈ ಸ್ವಾತಂತ್ರ್ಯದಿಂದ ನನಗೇನೂ ಸಿಕ್ಕಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುವವರಿದ್ದಾರೆ, ಮತ್ತು ಅವರ ಮಾತನ್ನು ಯಾರೂ ಕತ್ತರಿಸಲಿಲ್ಲ. ಸರ್ಕಾರದ ಮುದ್ರೆಯ ಕೆಳಗೆ ಇದು ಚಿತ್ರಮಂದಿರಗಳಿಗೆ ಹೋಯಿತು. ಬೀಡಿ ಸೇದುತ್ತಾ ಹೊರಗೆ ನಿಂತವರು ಕಳೆದುಕೊಂಡದ್ದು ಇಂಥದ್ದನ್ನು.

ಈ ಎಲ್ಲದರಲ್ಲೂ ನನಗೆ ಅತ್ಯಂತ ಹತ್ತಿರವಾದದ್ದು ಫಾಲಿ ಬಿಲಿಮೋರಿಯಾ ಅವರ ‘ದಿ ಹೌಸ್ ದಟ್ ಆನಂದ ಬಿಲ್ಟ್’. 1968ರದು, ಆಸ್ಕರ್‌ನ ಕಿರು ಸಾಕ್ಷ್ಯಚಿತ್ರ ವಿಭಾಗಕ್ಕೆ ನಾಮನಿರ್ದೇಶನಗೊಂಡದ್ದು. ಒರಿಸ್ಸಾದ ಒಂದು ಹಳ್ಳಿಯ ಆನಂದ ಎಂಬ ಗೃಹಸ್ಥ, ಅವನ ಮನೆ, ಅವನ ಮಕ್ಕಳು. ಕೆಲವರು ಓದಿ ದೂರದ ಊರುಗಳಲ್ಲಿ ನೆಲೆ ಕಂಡಿದ್ದಾರೆ. ದುರಂತವಿಲ್ಲ, ಗೋಳಾಟವಿಲ್ಲ. ಅಪ್ಪ ಹಳ್ಳಿಯಲ್ಲಿ ತನ್ನ ದಿನದ ಕೆಲಸ ಮಾಡುತ್ತಾನೆ, ಮಗ ನಗರದಲ್ಲಿ ತನ್ನದು. ಅಷ್ಟನ್ನೇ ಅಕ್ಕಪಕ್ಕ ಇಟ್ಟಿದ್ದಾರೆ. ಚಿಕ್ಕಪ್ಪ ಮೈಸೂರಿಗೆ ಬಂದಿದ್ದಾಗ ಇದನ್ನು ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದೆ. ಅವರು ಮೊದಲಿಗೆ ಆಪರೇಟರನ ಕಣ್ಣಿನಿಂದಲೇ ನೋಡಿದರು. ‘ಇಲ್ಲಿ ನೋಡು, ಚಿತ್ರ ಎಗರಿತಲ್ಲ, ಇಲ್ಲಿ ಹರಿದು ಅಂಟಿಸಿದ್ದಾರೆ’ ಎಂದರು. ಆಮೇಲೆ ಮಾತು ನಿಂತಿತು. ಅವರ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ. ಚಿತ್ರ ಮುಗಿದಾಗ, ‘ಆ ಮನೆಯ ಜಗಲಿ ಒಳ್ಳೆಯ ಅಗಲವಾಗಿದೆ’ ಎಂದರು. ‘ಇನ್ನೊಮ್ಮೆ ಹಾಕಲಾ ಚಿಕ್ಕಪ್ಪ?’ ಎಂದು ಕೇಳಿದೆ. ‘ಹಾಕು’ ಎಂದರು.

ಫಿಲ್ಮ್ಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ವಿಲೀನವಾಯಿತು. ಅದರ ಸಾವಿರಾರು ಚಿತ್ರಗಳಲ್ಲಿ ಒಂದು ಪಾಲು ಯೂಟ್ಯೂಬಿನಲ್ಲಿದೆ. ಕೆನಡಾದವರು ಮೆಕ್‌ಲಾರೆನ್ ಚಿತ್ರಗಳನ್ನು ತಮ್ಮ ತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಇವುಗಳಿಗೆ ಹೇಗೋ ಕಾವಲುಗಾರರಿದ್ದಾರೆ. ನನ್ನ ಚಿಂತೆ ಇರುವುದು ಕಾವಲಿಲ್ಲದವುಗಳ ಬಗ್ಗೆ. ಐವತ್ತು, ಅರವತ್ತರ ದಶಕಗಳಲ್ಲಿ ಮೈಸೂರಿನ ಉಳ್ಳವರ ಮನೆಗಳಲ್ಲಿ 8 ಮತ್ತು 16 ಎಂ.ಎಂ. ಕ್ಯಾಮೆರಾಗಳಿದ್ದವು. ಮದುವೆ, ದಸರಾ ಮೆರವಣಿಗೆ, ಬೃಂದಾವನಕ್ಕೆ ಹೋದ ಭಾನುವಾರ, ಹೊಸ ಟ್ರಾಕ್ಟರಿನ ಪೂಜೆ ಅವುಗಳಲ್ಲಿ ಸೆರೆಯಾಗಿವೆ. ಆ ಡಬ್ಬಗಳು ಈಗ ಅಟ್ಟದ ಮೇಲೆ, ಶೀಟಿನ ಸೂರಿನ ಕೆಳಗೆ, ಕಬ್ಬಿಣದ ಪೆಟ್ಟಿಗೆಯಲ್ಲಿ ಬೇಯುತ್ತಿವೆ. ಅಸಿಟೇಟ್ ಫಿಲ್ಮು ಬಿಸಿ ಮತ್ತು ತೇವದಲ್ಲಿ ಕೊಳೆಯುತ್ತಾ ಅಸಿಟಿಕ್ ಆಮ್ಲ ಬಿಡುತ್ತದೆ. ಡಬ್ಬ ತೆರೆದಾಗ ವಿನಿಗರಿನ ವಾಸನೆ ಹೊಡೆದರೆ ಕೊಳೆಯುವುದು ಶುರುವಾಗಿದೆ ಎಂದರ್ಥ. ಅದು ಪಕ್ಕದ ರೀಲುಗಳಿಗೂ ಹರಡುತ್ತದೆ. ಫಿಲ್ಮು ಕುಗ್ಗಿ, ಸೊಟ್ಟಗಾಗಿ, ಕೊನೆಗೆ ಮುಟ್ಟಿದರೆ ಪುಡಿಯಾಗುತ್ತದೆ.

ನಿಮ್ಮ ಮನೆಯಲ್ಲಿ ಅಂಥ ಡಬ್ಬವಿದ್ದರೆ ಆಸೆಗೆ ಬಿದ್ದು ಹಳೆಯ ಪ್ರೊಜೆಕ್ಟರಿಗೆ ಹಾಕಿ ಓಡಿಸಬೇಡಿ. ಕುಗ್ಗಿದ ಫಿಲ್ಮಿನ ರಂಧ್ರಗಳು ಯಂತ್ರದ ಹಲ್ಲಿಗೆ ಕೂರದೆ ಹರಿಯುತ್ತವೆ. ವಾಸನೆ ಬಂದದ್ದನ್ನು ಬೇರೆ ಇಡಿ. ಉಳಿದದ್ದನ್ನು ಮನೆಯ ಅತ್ಯಂತ ತಂಪಾದ, ಒಣ ಮೂಲೆಗೆ ತನ್ನಿ. ಪುಣೆಯಲ್ಲಿ 1964ರಿಂದ ಇರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ, ಇಲ್ಲವೇ ಹಳೆಯ ಚಿತ್ರಗಳ ರಕ್ಷಣೆಗೆಂದೇ ದುಡಿಯುತ್ತಿರುವ ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ನಿಗೆ ಬರೆದು ಕೇಳಿ. ಸ್ಕ್ಯಾನ್ ಆಗಿ ಬಂದ ಮೇಲೆ ಮನೆಯ ಹಿರಿಯರನ್ನು ಕೂರಿಸಿಕೊಂಡು ನೋಡಿ, ಅವರು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ: ಯಾರ ಮದುವೆ, ಯಾವ ಛತ್ರ, ವಾಲಗ ಊದುತ್ತಿರುವವರು ಯಾವ ಊರಿನವರು, ಎಲೆ ಹಾಕುತ್ತಿರುವ ಆ ಹುಡುಗಿಯ ಹೆಸರೇನು.